ಬಲಗೆನ್ನೆಯ ಮಚ್ಚೆಯವಳು

ನನ್ನ ಮಚ್ಚೆ ಇರುವುದು ಎಡಗೆನ್ನೆಯ ಮೇಲೆ, ತುಟಿಯ ಅಂಚಿನಿಂದ ತುಸು ಮೇಲಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಎಡ ಯಾವುದು, ಬಲ ಯಾವುದು ಅಂತ ನಿಮ್ಮ ತಲೆ ಕೆಡಬಹುದು. ನನ್ನದಂತೂ ಕೆಟ್ಟಿದೆ.

ನಾನು ಕಪ್ಪುಬಿಳುಪು ಫೋಟೋ ಮಾಡುವವಳು. ಮದುವೆ, ಮುಂಜಿ, ಬರ್ತ್‌ಡೇ ಫೋಟೋ ಅಲ್ಲ. ಗ್ಯಾಲರಿಯ ಗೋಡೆಗೆ ಹಾಕುವಂಥವು. ನೋಡಿದ ನಮ್ಮ ಜನ ‘ಚೆನ್ನಾಗಿದೆ, ಆದ್ರೆ ಏನಿದು?’ ಅನ್ನುವಂಥವು. ಊಟದ ಟೇಬಲ್ಲಿನ ಮೇಲೆ ಬಟ್ಟೆಯ ಬದಲು ಕಡಲು ಹಾಸಿರುತ್ತದೆ. ಬೀರುವಿನ ಬಾಗಿಲು ತೆರೆದರೆ ಒಳಗೆ ಮರಳ ದಿಣ್ಣೆ. ಇಲ್ಲಿಯವರು ಇದಕ್ಕೆ ಸರ್ರಿಯಲಿಸ್ಟ್ ಅನ್ನುತ್ತಾರೆ. ನನ್ನ ಗಂಡ ‘ಭ್ರಾಂತು’ ಅನ್ನುತ್ತಿದ್ದರು. ಎರಡೂ ಒಂದೇ ಇರಬೇಕು.

ಈ ಶತಮಾನದ ಹೊಸದರಲ್ಲಿ ನಾವು ಸಿಡ್ನಿಗೆ ಬಂದೆವು. ಗಂಡ ಬೆಂಗಳೂರಿನವರು, ಕೆಲಸ ಮ್ಯಾಕ್ವೆರಿ ಪಾರ್ಕ್ ಅನ್ನುವ ಬಡಾವಣೆಯಲ್ಲಿ. ನಮ್ಮ ಬಾಡಿಗೆ ಫ್ಲ್ಯಾಟು ಹತ್ತಿರದ ಎಪ್ಪಿಂಗಿನಲ್ಲಿತ್ತು. ನಾನು ಉಡುಪಿಯ ಕಡೆಯವಳು, ಮನೆಮಾತು ತುಳು. ಅಲ್ಲಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳು ಇಲ್ಲಿ ಶಾಪಿಂಗ್ ಸೆಂಟರಿನ ಫೋಟೋ ಲ್ಯಾಬಿನಲ್ಲಿ ಕಂಡವರ ಬೀಚು, ಕಂಡವರ ಕೇಕು ಪ್ರಿಂಟ್ ಮಾಡಿಕೊಂಡಿದ್ದೆ. ಬೇಜಾರಿಗೆ ಸಂಜೆ ಒಂದು ಕಮ್ಯುನಿಟಿ ಕಾಲೇಜಿನಲ್ಲಿ, ಕತ್ತಲಲ್ಲಿ ಫೋಟೋ ಮೂಡಿಸುವುದನ್ನು ಕಲಿಸುವ ಡಾರ್ಕ್‌ರೂಮ್ ತರಗತಿಗೆ ಸೇರಿದೆ. ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾ ಬಂದು ಜನ ಹಳೆಯ ಸಾಮಾನೆಲ್ಲ ರಸ್ತೆ ಬದಿಗೆ ಎಸೆಯತೊಡಗಿದ್ದರು. ನಗರಸಭೆಯ ಕೌನ್ಸಿಲ್ಲಿನವರು ಎತ್ತಿಕೊಂಡು ಹೋಗುವ ಮೊದಲು ಒಂದು ಹರಕು ಸೋಫಾದ ಪಕ್ಕ ನೆಗೆಟಿವ್ ದೊಡ್ಡದು ಮಾಡುವ ಎನ್‌ಲಾರ್ಜರ್ ಸಿಕ್ಕಿತು. ಹೊತ್ತುಕೊಂಡು ಬಂದೆ. ಬಾತ್‌ರೂಮಿನ ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಬಡಿದೆ, ಟಬ್ಬಿನ ಮೇಲೆ ಹಲಗೆ ಇಟ್ಟೆ. ಅಲ್ಲಿಗೆ ಡಾರ್ಕ್‌ರೂಮ್ ಆಯಿತು.

“ನಾನು ಸ್ನಾನ ಮಾಡ್ಬೋದಾ, ಇಲ್ಲಾ ನಿನ್ನ ಸಮುದ್ರ ಇನ್ನೂ ಒಣಗ್ಬೇಕಾ?” ಅಂತ ಗಂಡ ಬಾಗಿಲಾಚೆಯಿಂದ ಕೇಳುತ್ತಿದ್ದರು. ಪಾಪ, ಅವರು ಆಫೀಸಿಗೆ ಹೋಗಬೇಕಿತ್ತು. ನಾನು ಕಿವುಡಿಯ ಹಾಗೆ ಇರುತ್ತಿದ್ದೆ.

ಮಾಡೆಲ್ ಆಗಿ ನಿಲ್ಲಲು ನನಗೆ ಯಾರು ಸಿಗಬೇಕು? ನಾನೇ ಟೈಮರ್ ಇಟ್ಟು, ಓಡಿಹೋಗಿ ಕುರ್ಚಿಯಲ್ಲಿ ಕೂತುಕೊಳ್ಳುತ್ತಿದ್ದೆ. ಒಂದು ದಿನ ಅವಸರದಲ್ಲಿ ನೆಗೆಟಿವ್ ಅನ್ನು ತಿರುಗುಮುರುಗಾಗಿ ಇಟ್ಟುಬಿಟ್ಟೆ. ದೋಸೆ ಮಗುಚಿದ ಹಾಗೆ, ಅಷ್ಟೇ. ಹಾಗೆ ಇಟ್ಟರೆ ಚಿತ್ರದಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬರುತ್ತದೆ. ಬೈದುಕೊಂಡು ಎಸೆಯಬೇಕು ಅಂದುಕೊಂಡವಳು ತಡೆದೆ. ಹೊಸದೊಂದು ಕಾಗದ ತೆಗೆದು, ಅದರ ಅರ್ಧರ್ಧಕ್ಕೆ ಕಪ್ಪು ರಟ್ಟು ಮರೆಮಾಡಿ, ಒಮ್ಮೆ ಸರಿಯಾಗಿ, ಒಮ್ಮೆ ಮಗುಚಿ ಬೆಳಕು ಬಿಟ್ಟೆ. ಎದುರುಬದುರು ಕುರ್ಚಿಗಳಲ್ಲಿ ಇಬ್ಬರು ಹೆಂಗಸರು ಬಂದು ಕೂತರು. ಒಬ್ಬಳ ಮಚ್ಚೆ ಎಡಗೆನ್ನೆಗೆ, ಇನ್ನೊಬ್ಬಳದು ಬಲಗೆನ್ನೆಗೆ. ನಡುವೆ ಟೇಬಲ್ಲು, ಟೇಬಲ್ಲಿನ ಮೇಲೆ ಕಡಲು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು ಅಂದರೂ ಸರಿ. ಬಟ್ಟೆ ಒಣಗಿಸುವ ತಂತಿಯ ಎರಡು ತುದಿಗೆ ಇಬ್ಬರು. ಒಂದೇ ಸೀರೆಯ ಎರಡು ಸೆರಗು ಹಿಡಿದುಕೊಂಡು ಇಬ್ಬರು. ಸಿಡ್ನಿಯ ಒಂದು ಸಣ್ಣ ಗ್ಯಾಲರಿಯಲ್ಲಿ ಹಾಕಿದರು. ಅದನ್ನು ನೋಡಿದ ಮೆಲ್ಬರ್ನಿನ ಗ್ಯಾಲರಿಯೊಡತಿ ಒಬ್ಬಳು, ಗಲ್ಲಿಯೊಳಗಿನ ತನ್ನ ದೊಡ್ಡ ಕೋಣೆಯನ್ನು ನನ್ನೊಬ್ಬಳಿಗೇ ಕೊಡುತ್ತೇನೆ ಅಂದಳು. ಅವಳು ಕೇಳಿದ ಮೊದಲ ಪ್ರಶ್ನೆ, ನಿಮ್ಮಿಬ್ಬರಲ್ಲಿ ದೊಡ್ಡವರು ಯಾರು ಅಂತ. ಎರಡೂ ನಾನೇ, ಒಂದೇ ನೆಗೆಟಿವ್ ಅಂದರೆ ಅವಳು ನಂಬಲಿಲ್ಲ. “ಇಲ್ಲ ಇಲ್ಲ, ಆ ಕಡೆಯವಳ ನೋಟವೇ ಬೇರೆ” ಅಂದಳು.

ನನಗೂ ಹಾಗೇ ಅನ್ನಿಸಿತ್ತು, ಬಾಯಿ ಬಿಟ್ಟಿರಲಿಲ್ಲ. ಕೆಂಪು ದೀಪದಲ್ಲಿ ಬೆಳಕು ಬಿಟ್ಟ ಬಿಳಿ ಕಾಗದವನ್ನು ಡೆವಲಪರ್ ದ್ರಾವಣದ ಟ್ರೇಗೆ ಬಿಟ್ಟು ಅಲುಗಾಡಿಸುತ್ತಿದ್ದರೆ ಚಿತ್ರ ಮೆಲ್ಲಗೆ ಮೇಲೆ ಬರುತ್ತದೆ. ಇಬ್ಬರಿಗೂ ನಾನು ಕೊಟ್ಟದ್ದು ಒಂದೇ ಬೆಳಕು, ಒಂದೇ ಹೊತ್ತು. ಆದರೂ ಮೊದಲು ಬರುತ್ತಿದ್ದವಳು ಅವಳು. ಅವಳ ಕಣ್ಣು, ಅವಳ ಬೈತಲೆ, ಆ ಮಚ್ಚೆ ಮೂಡಿ, ಆಮೇಲೆ ನಾನು. ಬಲ್ಬ್ ಬದಲಾಯಿಸಿದೆ, ಬೆಳಕು ಬಿಡುವ ಸರದಿ ಬದಲಾಯಿಸಿದೆ. ಕೆಮಿಸ್ಟ್ರಿ ಓದಿದವಳು ನಾನು, ಸುಮ್ಮನೆ ಬಿಡುತ್ತೇನೆಯೇ? ಏನು ಮಾಡಿದರೂ ಅವಳೇ ಮೊದಲು.

ಇನ್ನೊಂದು ಮಾತು. ಕನ್ನಡಿಯಲ್ಲಿ ನಾವು ದಿನಾ ನೋಡಿಕೊಳ್ಳುವ ಮುಖವೂ ಮಗುಚಿದ್ದೇ ಅಲ್ಲವೇ? ಹಾಗಾಗಿ ಆ ಚಿತ್ರಗಳಲ್ಲಿ ನನಗೆ ಪರಿಚಯದವಳು ಅಂತ ಕಾಣುತ್ತಿದ್ದವಳು ಅವಳು. ಸರಿಯಾಗಿ ಪ್ರಿಂಟಾದ ನಾನೇ ಯಾರೋ ಹೊರಗಿನವಳ ಹಾಗಿದ್ದೆ.

ಪ್ರದರ್ಶನ ಜೂನಿನಲ್ಲಿತ್ತು. ಅದಕ್ಕೆ ಸ್ವಲ್ಪ ಮೊದಲು ಅಮ್ಮ ಊರಿನಿಂದ ಬಂದರು. ಅಪ್ಪ ತೀರಿಕೊಂಡು ಸುಮಾರು ವರ್ಷವಾಗಿತ್ತು. ಅವರು ಅದೇ ಮೊದಲು ವಿಮಾನ ಹತ್ತಿದ್ದು. ಬಂದವರೇ ಕಾಲು ತೊಳೆಯಲು ಬಾತ್‌ರೂಮಿಗೆ ಹೋದರು. ಅಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿದ ಹಸಿ ಪ್ರಿಂಟು ನೇತಾಡುತ್ತಿತ್ತು. ನೀರಿನ ಸದ್ದು ನಿಂತಿತು. ಆಮೇಲೆ ಒದ್ದೆ ಕಾಲಲ್ಲೇ ಕಾರ್ಪೆಟ್ಟಿನ ಮೇಲೆ ನಡೆದು ಬಂದು ನನ್ನೆದುರು ನಿಂತರು.

“ಯಾರು ಹೇಳಿದ್ದು ನಿನಗೆ?”

“ಎಂತ ಹೇಳಿದ್ದು?”

“ಆಟ ಆಡ್ಬೇಡ ನನ್ನ ಹತ್ರ. ಅವಳ ವಿಷಯ ನಿನಗೆ ಯಾರು ಹೇಳಿದ್ದು?”

ನಾನು ಪೆಚ್ಚಾದೆ. ನೆಗೆಟಿವ್ ಮಗುಚುವ ಕಥೆ ವಿವರಿಸಿದೆ. ಅಮ್ಮ ಕೇಳಿಸಿಕೊಳ್ಳಲೇ ಇಲ್ಲ. ಸೋಫಾದ ಅಂಚಿನಲ್ಲಿ ಕೂತು, ತಮ್ಮ ಬಲಗೆನ್ನೆಯ ಮೇಲೆ ಬೆರಳಿಟ್ಟು ತೋರಿಸಿದರು.

“ನಿನ್ನದು ಎಡಕ್ಕೆ. ಅವಳದು ಇಲ್ಲಿ. ಅದನ್ನು ನೋಡಿಯೇ ನಾನು ಯಾರು ಯಾರು ಅಂತ ಗುರ್ತು ಹಿಡೀತಿದ್ದದ್ದು. ಬೇರೆ ಎಂತದೂ ವ್ಯತ್ಯಾಸ ಇರ್ಲಿಲ್ಲ.”

ನಾವು ಅವಳಿ ಮಕ್ಕಳಂತೆ. ತೊಟ್ಟಿಲು ಹಾಕಿ ಹೆಸರಿಡುವ ಮೊದಲೇ ಅವಳು ಜ್ವರ ಬಂದು ಹೋದಳಂತೆ. ಉಳಿದವಳಿಗೆ ಗೊತ್ತಾದರೆ ಹೋದವಳು ಕರೆಯುತ್ತಾಳೆ ಅಂತ ಅಜ್ಜಿ ಎಲ್ಲರ ಬಾಯಿ ಕಟ್ಟಿದ್ದರಂತೆ. ಅಷ್ಟು ವರ್ಷ ಒಂದು ಮನೆಯ ಜನವೆಲ್ಲ ಬಾಯಿ ಮುಚ್ಚಿಕೊಂಡಿದ್ದರು! ನನಗೆ ಮೈ ಉರಿಯಿತು. ದುಃಖ ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟೇ.

“ಮೊದಲು ಹುಟ್ಟಿದ್ದು ಯಾರು?” ಅಂದೆ.

“ಅವಳು. ನಿನ್ನ ಅಕ್ಕ ಅವಳು.”

ಟ್ರೇಯಲ್ಲಿ ಅವಳೇ ಮೊದಲು ಬರುತ್ತಿದ್ದ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಅವತ್ತಿನಿಂದ ಅಮ್ಮನಿಗೆ ಒಂದೇ ಧ್ಯಾನ. ನಮ್ಮ ಕಡೆ ಎಳವೆಯಲ್ಲೇ ಸತ್ತ ಮಕ್ಕಳು ಸತ್ತಲ್ಲೇ ನಿಲ್ಲುವುದಿಲ್ಲ. ಬದುಕಿದ್ದವರ ಜೊತೆಜೊತೆಗೇ ಬೆಳೆಯುತ್ತವೆ, ವಯಸ್ಸಿಗೆ ಬರುತ್ತವೆ. ವಯಸ್ಸಿಗೆ ಬಂದ ಮೇಲೆ ಅವರಿಗೂ ಮದುವೆಯಾಗಬೇಕು. ಹಾಗೆ ಸತ್ತ ಇನ್ನೊಂದು ಮನೆಯ ಹುಡುಗನನ್ನು ಹುಡುಕಿ, ಹೆಣ್ಣು ನೋಡಿ, ಒಪ್ಪಿ, ಧಾರೆ ಎರೆದು ಕೊಡುತ್ತಾರೆ. ಸತ್ತವರಿಗೆ ತುಳುವಿನಲ್ಲಿ ಕುಲೆ ಅನ್ನುತ್ತಾರೆ. ಹಾಗಾಗಿ ಅದು ಕುಲೆ ಮದುವೆ. ಅಮ್ಮನ ಸಂಕಟ ಏನೆಂದರೆ, ಮನೆಯಲ್ಲಿ ಅಕ್ಕ ಇರುವಾಗ ಅವಳನ್ನು ದಾಟಿ ತಂಗಿಯ ಮದುವೆ ಮಾಡಿಬಿಟ್ಟಿದ್ದರು. ಅವಳ ಮಾತೆತ್ತಲು ಇಷ್ಟು ದಿನ ಧೈರ್ಯವಿರಲಿಲ್ಲ. ಈಗ ಅವಳೇ ಮುಖ ತೋರಿಸಿದ ಮೇಲೆ ಇನ್ನು ತಡಮಾಡುವಂತಿಲ್ಲ ಅಂತ ಅವರ ಹಟ.

“ಏನತ್ತೆ, ಆಸ್ಟ್ರೇಲಿಯಾದಲ್ಲಿ ಕೂತ್ಕೊಂಡು ದೆವ್ವದ ಮದುವೆನಾ?” ಅಂತ ನನ್ನ ಗಂಡ ನಕ್ಕರು.

“ದೆವ್ವ ಅಲ್ಲ. ನಿಮ್ಮ ಅತ್ತಿಗೆ” ಅಂದರು ಅಮ್ಮ. ಗಂಡ ಮತ್ತೆ ನಗಲಿಲ್ಲ. ಆಮೇಲೆ ಬಾತ್‌ರೂಮಿಗೆ ಹೋಗುವ ಮೊದಲು ಬಾಗಿಲು ತಟ್ಟಿ ಹೋಗತೊಡಗಿದರು, ಒಳಗೆ ಯಾರೂ ಇಲ್ಲದಾಗಲೂ.

ಜೂನಿನಲ್ಲಿ ಮೂವರೂ ಮೆಲ್ಬರ್ನಿಗೆ ಹೋದೆವು. ಗ್ಯಾಲರಿಯಲ್ಲಿ ಜನ ವೈನ್ ಹಿಡಿದುಕೊಂಡು ಚಿತ್ರದೊಳಗಿನ ನಮ್ಮಿಬ್ಬರನ್ನೂ ನೋಡಿದರು. ಅಮ್ಮ ರೇಷ್ಮೆ ಸೀರೆಯುಟ್ಟು ಗೋಡೆಗೋಡೆಯೂ ಸುತ್ತಿದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮರುದಿನ ನಮ್ಮ ಕಡೆಯವರೊಬ್ಬರ ಮನೆಗೆ ಊಟಕ್ಕೆ ಕರೆದಿದ್ದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹೆಂಡತಿಯ ತಾಯಿ, ವಯಸ್ಸಾದ ವಿಧವೆ, ಅವರ ಜೊತೆಯಲ್ಲೇ ಇದ್ದರು. ಊಟ ಮುಗಿದ ಮೇಲೆ ಮುದುಕಿಯರಿಬ್ಬರೂ ಹಿತ್ತಲ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನಾನು ಪಾತ್ರೆ ತೊಳೆದು ಕೈ ಒರೆಸುವಷ್ಟರಲ್ಲಿ ಮಾತುಕತೆ ಮುಗಿದೇ ಹೋಗಿತ್ತು.

ಆ ಅಮ್ಮನಿಗೂ ಒಬ್ಬ ಮಗ ಇದ್ದನಂತೆ, ಅಂಬೆಗಾಲಿಡುವ ಹೊತ್ತಿಗೇ ಹೋದವನು. ಬದುಕಿದ್ದರೆ ನನಗಿಂತ ತುಸು ದೊಡ್ಡವನು. ಬಳಿ ಬೇರೆ, ಬಳಿಯೆಂದರೆ ಗೋತ್ರದ ಹಾಗೆ, ಒಂದೇ ಆದರೆ ಸಂಬಂಧ ಕೂಡುವುದಿಲ್ಲ. ಇನ್ನೇನು ಬೇಕು? ಒಂದೇ ಒಂದು ಕೇಳಿದ್ದರು: ಹುಡುಗಿಯ ಫೋಟೋ.

“ಆ ಗ್ಯಾಲರಿದು ಆಗುದಿಲ್ಲ” ಅಂದರು ಅಮ್ಮ, ಸಿಡ್ನಿಗೆ ಬಂದ ಮೇಲೆ. “ಅದರಲ್ಲಿ ಕೂದಲು ಬಿಟ್ಕೊಂಡು ಮಾರಿಯ ಹಾಗೆ ಇದ್ದಾಳೆ. ಸೀರೆ ಉಡ್ಸಿ ಒಬ್ಬಳದ್ದೇ ತೆಗಿ. ಮತ್ತೆ ಇನ್ನೊಂದು, ಮದುವೆ ಆದ ಮೇಲೆ ಅವಳು ಬೇರೆ ಮನೆಯವಳು. ನಿನ್ನ ಈ ಚಿತ್ರದಲ್ಲೆಲ್ಲ ಅವಳನ್ನು ಎಳ್ಕೊಂಡು ಬರ್ಬಾರ್ದು. ಮಾತು ಕೊಟ್ಟು ಬಂದಿದ್ದೇನೆ.”

“ಅದು ನನ್ನ ಮುಖ ಅಮ್ಮ! ನನ್ನ ಮುಖವನ್ನು ಒಯ್ದು ಸತ್ತವನ ಪಕ್ಕ ಕೂರಿಸ್ತೀರಾ?”

“ನಿನ್ನದಲ್ಲ. ನಿನ್ನ ಮಚ್ಚೆ ಎಲ್ಲುಂಟು, ಮುಟ್ಟಿ ನೋಡ್ಕೋ.”

ನಾನು ಕಿರುಚಾಡಿದೆ. ನಿಜ ಹೇಳಬೇಕೆಂದರೆ ನನ್ನ ಹೆದರಿಕೆ ಸತ್ತವನದ್ದಾಗಿರಲಿಲ್ಲ. ಮೆಲ್ಬರ್ನಿನ ಗ್ಯಾಲರಿಯವಳು ಮುಂದಿನ ವರ್ಷಕ್ಕೆ ಇನ್ನೂ ದೊಡ್ಡ ಪ್ರದರ್ಶನ ಮಾಡೋಣ, ಇಬ್ಬರನ್ನೂ ತಾ ಅಂದಿದ್ದಳು. ಫೋಟೋ ಲ್ಯಾಬಿನ ಕೆಲಸ ಬಿಟ್ಟಾಗಿತ್ತು. ಈ ಊರಿನಲ್ಲಿ ನನಗೆ ಅಂತ ಇದ್ದದ್ದು ಈ ಚಿತ್ರದ ಕೆಲಸ ಒಂದು, ಅದರಲ್ಲಿ ಇದ್ದದ್ದು ಅವಳೊಬ್ಬಳು. ಅವಳು ಹೋದರೆ ನನ್ನ ಕೈಯಲ್ಲಿ ಬರೀ ಕಡಲು, ಕುರ್ಚಿ ಉಳಿಯುತ್ತಿತ್ತು. ಅವಳನ್ನು ಕೊಡಲು ನನಗೆ ಮನಸ್ಸಿರಲಿಲ್ಲ.

ಅಮ್ಮ ಜಗಳ ಮುಂದುವರಿಸಲಿಲ್ಲ. ಊಟ ಬಿಟ್ಟರು. ಬಿಟ್ಟು ಸುಮ್ಮನೆ ಬಾತ್‌ರೂಮಿನ ಬಾಗಿಲಿನ ಹೊರಗೆ ನೆಲದ ಮೇಲೆ ಕೂತರು. ಹೆಣ್ಣು ಮಗಳೊಬ್ಬಳು ಒಳಗೆ ಬಾಗಿಲು ಹಾಕಿಕೊಂಡು ಹೊರಗೆ ಬರದಿದ್ದರೆ ತಾಯಿ ಕೂರುತ್ತಾಳಲ್ಲ, ಹಾಗೆ. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಮಾರನೆಯ ದಿನ ಕ್ಯಾಮೆರಾ ತೆಗೆದೆ.

ಸೀರೆ ಉಡಲು ಹೊರಟಾಗ ಕಷ್ಟ ಗೊತ್ತಾಯಿತು. ನಾನು ಮಾಮೂಲಿನಂತೆ ಉಟ್ಟು ನೆಗೆಟಿವ್ ಮಗುಚಿದರೆ ಸೆರಗು ಬಲಹೆಗಲ ಮೇಲೆ ಬಂದುಬಿಡುತ್ತದೆ. ಮದುಮಗಳ ಸೆರಗು ಎಡಕ್ಕೇ ಇರಬೇಕು. ಅಂದರೆ ನಾನು ತಿರುಗುಮುರುಗಾಗಿ ಉಡಬೇಕು. ಅಮ್ಮನಿಗೆ ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಮುಖ ಸಣ್ಣದಾಯಿತು. ಆದರೂ ನೆರಿಗೆ ಹಿಡಿದರು. ಜೀವಮಾನವಿಡೀ ಒಂದೇ ಕಡೆಗೆ ಸೀರೆ ಸುತ್ತಿದ ಕೈ. ಅಭ್ಯಾಸಬಲದಿಂದ ಮತ್ತೆ ಮತ್ತೆ ಸರಿಯಾಗಿಯೇ ಸುತ್ತುತ್ತಿತ್ತು, ಮತ್ತೆ ಬಿಚ್ಚುತ್ತಿತ್ತು. ಕೊನೆಗೆ ಬಲಹೆಗಲ ಮೇಲೆ ಸೆರಗು ಹಾಕಿ ಪಿನ್ ಚುಚ್ಚುವಾಗ ಅಮ್ಮನ ಕಣ್ಣಲ್ಲಿ ನೀರಿತ್ತು. ನನ್ನ ಮೂಗುಬೊಟ್ಟನ್ನೂ ತೆಗೆಸಿದರು. ಅವಳಿಗೆ ಮೂಗು ಚುಚ್ಚಿರಲಿಲ್ಲವಲ್ಲ ಅಂದರು.

ನಾನು ಕುರ್ಚಿಯಲ್ಲಿ ಕೂತೆ. ಬಾಲ್ಕನಿಯ ಬಾಗಿಲಿನಿಂದ ಬೆಳಿಗ್ಗೆಯ ಬಿಸಿಲು ಬರುತ್ತಿತ್ತು. ಅಮ್ಮ ಕ್ಯಾಮೆರಾದ ಪಕ್ಕ ನಿಂತಿದ್ದರು. “ಸ್ವಲ್ಪ ತಲೆ ಎತ್ತು ಮಗಾ” ಅಂದರು. ನನ್ನನ್ನು ಅವರು ಯಾವತ್ತೂ ಅಷ್ಟು ಮೆತ್ತಗೆ ಕರೆದಿರಲಿಲ್ಲ. ನನಗೆ ಕರೆದದ್ದಲ್ಲ ಅಂತ ಗೊತ್ತಿದ್ದರೂ ನಾನು ತಲೆ ಎತ್ತಿದೆ.

ಜುಲೈ ನಡುವಿನಲ್ಲಿ ಶುರುವಾಗುವ ಆಟಿ ತಿಂಗಳಿನಲ್ಲಿ, ಆಷಾಢದಲ್ಲಿ ಮಾಡದ ಹಾಗೆ, ಬದುಕಿದ್ದವರ ಮದುವೆ ಮಾಡುವುದಿಲ್ಲ. ಇಂಥದ್ದಕ್ಕೆ ಅದೇ ತಿಂಗಳು. ಇಲ್ಲಿಗೆ ಅದು ನಡು ಚಳಿಗಾಲ. ಮೆಲ್ಬರ್ನಿನ ಆ ಮನೆಯವರು ಕಾರು ಹೊರಗೆ ನಿಲ್ಲಿಸಿ ಗರಾಜು ಗುಡಿಸಿದ್ದರು. ಮದುವೆಯಾಗದವರು ಇದನ್ನು ನೋಡಬಾರದು, ಹಾಗಾಗಿ ಮೊಮ್ಮಕ್ಕಳನ್ನು ಪಕ್ಕದ ಬೀದಿಯ ಸ್ನೇಹಿತರ ಮನೆಗೆ ಕಳಿಸಿದ್ದರು. ಎರಡು ಸ್ಟೂಲು. ಒಂದರ ಮೇಲೆ ಹೊಸ ಪಂಚೆ, ಶಲ್ಯ; ಹುಡುಗನ ಫೋಟೋ ಇರಲಿಲ್ಲ. ಇನ್ನೊಂದರ ಮೇಲೆ ಧಾರೆ ಸೀರೆ, ಗಾಜಿನ ಬಳೆ, ಫ್ರೇಮಿನೊಳಗೆ ಅವಳು. ಪುರೋಹಿತರು ಬೇಕಾಗುವುದಿಲ್ಲ, ಹಿರಿಯರೇ ಸಾಕು. ಇಂಡಿಯನ್ ಅಂಗಡಿಯಿಂದ ತಂದ ಫ್ರೀಜರಿನ ಬಾಳೆಲೆ ಬಿಸಿನೀರಿನಲ್ಲಿ ಮೆತ್ತಗಾಗುತ್ತಿತ್ತು.

ಅಮ್ಮ ತಾಮ್ರದ ಚೊಂಬಿನಿಂದ ಧಾರೆ ಎರೆದರು. ನೀರು ಫ್ರೇಮಿನ ಮುಂದಿಟ್ಟ ತೆಂಗಿನಕಾಯಿಯ ಮೇಲೆ ಬಿದ್ದು ಸಿಮೆಂಟಿನ ಮೇಲೆ ಹರಿಯಿತು. ಫೋಟೋದ ಹಣೆಗೆ ಕುಂಕುಮವಿಟ್ಟರು. ಆಗ ನನ್ನ ಹಣೆಯ ಮೇಲೆ ತಣ್ಣಗೆ ಏನೋ ಮುಟ್ಟಿದ ಹಾಗಾಯಿತು. ಗರಾಜಿನ ಚಳಿ ಇರಬೇಕು. ಎಲೆ ಹಾಕಿ ಮೊದಲು ಅವರಿಬ್ಬರಿಗೆ ಬಡಿಸಿ, ನಾವೆಲ್ಲ ಹೊರಗೆ ಬಂದು ಗರಾಜಿನ ಬಾಗಿಲು ಎಳೆದೆವು. ಡ್ರೈವ್‌ವೇಯಲ್ಲಿ ಅವರ ಊಟ ಮುಗಿಯಲಿ ಅಂತ ಕಾದು ನಿಂತಿದ್ದೆವು. ಎದುರುಮನೆಯ ಬಿಳಿಯ ಗಂಡಸು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ, ಎಲ್ಲ ಸರಿಯಿದೆಯಾ ಅಂತ ಕೇಳಿದ. ಆ ಮನೆಯ ಅಳಿಯ ಕೈ ಬೀಸಿದರು, “ಫ್ಯಾಮಿಲಿ ಲಂಚ್.” ಸುಳ್ಳೇನಲ್ಲ.

ಹೊರಡುವಾಗ ನಾನು ಆ ಅಮ್ಮನಿಗೆ “ಬರ್ತೇವೆ ಆಂಟಿ” ಅಂದೆ. ಅಮ್ಮ ನನ್ನ ತೋಳು ಚಿವುಟಿದರು. “ಆಂಟಿ ಎಂತದು? ಅತ್ತೆ ಅನ್ನು. ಅಕ್ಕನ ಅತ್ತೆ.” ಹಾಗೆ ಅಂದೆ. ಅತ್ತೆ ಫ್ರೇಮನ್ನು ಎದೆಗೆ ಅಪ್ಪಿಕೊಂಡು ಒಳಗೆ ಹೋದರು. ಕಾರಿನಲ್ಲಿ ಅಮ್ಮ ಬಿಕ್ಕಿ ಬಿಕ್ಕಿ ಅತ್ತರು, ಹೆಣ್ಣು ಕಳಿಸಿಕೊಟ್ಟ ತಾಯಿ ಅಳುವ ಹಾಗೆ. ಆಗಸ್ಟಿನಲ್ಲಿ ಹಗುರಾಗಿ ಊರಿಗೆ ಹೋದರು.

ಅಮ್ಮ ಕೊಟ್ಟ ಮಾತನ್ನು ನಾನು ಮುರಿದೆ. ಇದೆಲ್ಲ ಎಂಥ ಕಥೆ, ನೆಗೆಟಿವ್ ನನ್ನದು, ಮುಖ ನನ್ನದು ಅಂದುಕೊಂಡು ಮತ್ತೆ ಬಾಗಿಲು ಹಾಕಿಕೊಂಡೆ. ಕೂತೆ, ತೆಗೆದೆ, ಮಗುಚಿದೆ. ಕಾಗದವನ್ನು ಟ್ರೇಗೆ ಬಿಟ್ಟೆ. ಚಿತ್ರ ಬಂತು. ಇಬ್ಬರೂ ಒಟ್ಟಿಗೇ ಬಂದರು, ಒಂದೇ ಕ್ಷಣಕ್ಕೆ, ಪುಸ್ತಕದಲ್ಲಿ ಬರೆದಂತೆ. ನಾನು ಆ ಹಸಿ ಕಾಗದ ಎತ್ತಿ ಹಿಡಿದು ನೋಡಿದೆ. ಆ ಕಡೆ ಕೂತದ್ದು ನಾನೇ. ಹಿಂದುಮುಂದಾದ ನಾನು, ಅಷ್ಟೇ. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಹಳೆಯ ನೆಗೆಟಿವ್ ಹಾಕಿದೆ, ಹಳೆಯ ಕಾಗದ ಹುಡುಕಿ ತಂದೆ. ಇಲ್ಲಿಯ ಬೇಸಿಗೆ ಪೂರ್ತಿ, ಡಿಸೆಂಬರಿನಿಂದ ಫೆಬ್ರವರಿಯ ತನಕ, ಗುದ್ದಾಡಿದೆ. ಕಡಲು ಕಡಲಿನಂತಿತ್ತು, ಕುರ್ಚಿ ಕುರ್ಚಿಯಂತಿತ್ತು. ಮಾರ್ಚಿನಲ್ಲಿ ಗ್ಯಾಲರಿಯವಳು ಸಿಡ್ನಿಗೆ ಬಂದಾಗ ಹೊಸ ಪ್ರಿಂಟುಗಳನ್ನು ಹಾಸಿಗೆಯ ಮೇಲೆ ಹರಡಿ ತೋರಿಸಿದೆ. ಒಂದೊಂದನ್ನೇ ಎತ್ತಿ ನೋಡಿ ಇಟ್ಟಳು. “ಕೆಲಸ ಅಚ್ಚುಕಟ್ಟಾಗಿದೆ” ಅಂದಳು. ಆಮೇಲೆ, “ಆದರೆ ಇದು ನೀನೇ ಎರಡು ಸಲ. ಮೊದಲು ಇಬ್ಬರಿದ್ದರು.” ಪ್ರದರ್ಶನದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಜೂನ್ ಕಳೆಯಿತು. ನಾನು ಊರಿಗೆ ಫೋನ್ ಮಾಡಿ ಅಮ್ಮನ ಮುಂದೆ ಅತ್ತುಬಿಟ್ಟೆ. ನನಗೆ ಅವಳು ಬೇಕು ಅಂದೆ. ಕೆಲಸಕ್ಕೋ, ಸುಮ್ಮನೆಯೋ ನನಗೇ ಗೊತ್ತಿರಲಿಲ್ಲ. ಕನ್ನಡಿ ನೋಡಿದರೂ ಈಗ ಬರೀ ಕನ್ನಡಿ ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

“ಅಯ್ಯೋ ಮರುಳೇ, ಆಟಿ ಬರ್ತಾ ಉಂಟಲ್ಲ” ಅಂದರು. “ಹೊಸ ಮದುಮಗಳು ಮೊದಲನೇ ಆಟಿಗೆ ತವರಿಗೆ ಬಂದು ಕೂತ್ಕೊಳ್ಬೇಕು. ಕ್ರಮ ಅದು. ತವರು ಅಂದ್ರೆ ಅಲ್ಲಿ ನಿನ್ನ ಮನೆಯೇ. ಹೋಗಿ ಅವಳ ಅತ್ತೆ ಹತ್ರ ಸರಿಯಾಗಿ ಕೇಳಿ ಕರ್ಕೊಂಡು ಬಾ. ವೀಳ್ಯ ತಗೊಂಡು ಹೋಗು, ಬರಿಗೈಯಲ್ಲಿ ಹೋಗ್ಬೇಡ. ಆ ಒಂದು ತಿಂಗಳು ಅವಳು ನಿನ್ನ ಜೊತೆ ಇರ್ಲಿ, ಎಂತ ಬೇಕಾದ್ರೂ ಮಾಡು.”

ನನಗೆ ಎಷ್ಟು ಸಂತೋಷವಾಯಿತು ಅಂದರೆ ನಾಚಿಕೆಯಾಗುತ್ತದೆ. ಓದಿದ ಹೆಂಗಸು, ಕುಣಿಯುವುದೊಂದು ಬಾಕಿ. ಹಾಸಿಗೆಯ ಮೇಲೆ ಹೊಸ ಚಾದರ ಹಾಸಿದೆ, ಯಾರಿಗೆ ಅಂತ ಕೇಳಬೇಡಿ. ಗಂಡ ತಾವೇ ಕೂತು ಮೆಲ್ಬರ್ನಿಗೆ ಟಿಕೆಟ್ ಬುಕ್ ಮಾಡಿದರು.

ಆ ಮನೆಗೆ ಹೋದಾಗ ಮಧ್ಯಾಹ್ನ. ಮಗಳು, ಅಳಿಯ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿದ್ದರು. ಬಾಗಿಲು ತಟ್ಟುವ ಮೊದಲೇ ಒಳಗೆ ಅತ್ತೆ ಯಾರ ಜೊತೆಯೋ ಮಾತಾಡುವುದು ಕೇಳಿಸಿತು. ಸಾರಿಗೆ ಹುಳಿ ಜಾಸ್ತಿಯಾಯಿತು ಅನ್ನುತ್ತಿದ್ದರು. ಸ್ವಲ್ಪ ಸುಮ್ಮನಿದ್ದು, ಹೌದು ಹೌದು ಅಂತ ನಕ್ಕರು. ನಾನು ತಟ್ಟಿದೆ. ಮಾತು ನಿಂತಿತು.

ಬಾಗಿಲು ತೆರೆದ ಅತ್ತೆ ನನ್ನ ಮುಖ ನೋಡಿ ಒಂದು ಗಳಿಗೆ ಗಾಬರಿಯಾದರು. ಹಿಂತಿರುಗಿ ಒಳಗೆ ನೋಡಿದರು. ಮತ್ತೆ ನನ್ನ ಕೆನ್ನೆ ನೋಡಿ, “ಓ, ತಂಗಿಯಾ! ಬಾ ಬಾ” ಅಂತ ಕೈ ಹಿಡಿದು ಕರೆದುಕೊಂಡು ಹೋದರು.

ಅವಳು ಅತ್ತೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಇದ್ದಳು. ಗಾಜಿನ ಮೇಲೆ ಹೊಸ ಕುಂಕುಮ. ಫ್ರೇಮಿನ ಹೆಗಲಿಗೆ ಉಣ್ಣೆಯ ಶಾಲು ಹೊದೆಸಿದ್ದರು, ಚಳಿ ಅಲ್ಲವಾ ಅಂದರು. ಮುಂದೆ ಸಣ್ಣ ಲೋಟದಲ್ಲಿ ಕಾಫಿ ಆರುತ್ತಿತ್ತು. ನಾನೇ ತೆಗೆದ ಫೋಟೋ, ನಾನೇ ಬೆಳಕು ಬಿಟ್ಟದ್ದು. ಆದರೆ ನಾನು ಕೊಟ್ಟಾಗ ಆ ಮುಖದಲ್ಲಿ ಇಷ್ಟು ನೆಮ್ಮದಿ ಇರಲಿಲ್ಲ. ಕೆನ್ನೆ ಸ್ವಲ್ಪ ತುಂಬಿಕೊಂಡ ಹಾಗೆ ಕಂಡಿತು. ನೋಡಿದ ಕೂಡಲೇ ಗೊತ್ತಾಯಿತು, ಇಷ್ಟು ದಿನ ನನ್ನ ಟ್ರೇಗೆ ಬಾರದವಳು ಇಲ್ಲಿದ್ದಾಳೆ.

ವೀಳ್ಯದ ತಟ್ಟೆ ಇಟ್ಟೆ. ಅಮ್ಮ ಹೇಳಿಕೊಟ್ಟಂತೆ ಕೇಳಿದೆ. “ಅತ್ತೆ, ಆಟಿಗೆ ನಮ್ಮ ಹುಡುಗಿಯನ್ನು ಒಂದು ತಿಂಗಳು ತವರಿಗೆ ಕಳಿಸಿಕೊಡಬೇಕು.”

ಅತ್ತೆ ಬೇಸರಪಟ್ಟುಕೊಳ್ಳಲಿಲ್ಲ. “ಕ್ರಮ ಅಲ್ವಾ ಮಗಾ, ನಾನು ಬೇಡ ಅಂತೇನಾ? ಅವಳನ್ನೇ ಕೇಳುವ” ಅಂದರು. ಕುರ್ಚಿ ಎಳೆದು ಫೋಟೋದ ಹತ್ತಿರ ಕೂತು, ಶಾಲು ಸರಿಮಾಡಿ, ಮೆಲ್ಲಗೆ ಕೇಳಿದರು. “ತಂಗಿ ಬಂದಿದ್ದಾಳೆ ನೋಡು. ಹೋಗ್ತೀಯಾ?”

ಕಿವಿಯನ್ನು ಗಾಜಿನ ಹತ್ತಿರ ತಂದರು. ಹೊರಗೆ ಯಾವುದೋ ಹಕ್ಕಿ ಕೂಗಿತು. ಅತ್ತೆ ತಲೆಯಾಡಿಸುತ್ತ ಕೇಳಿಸಿಕೊಂಡರು, ಒಮ್ಮೆ “ಹೂಂ” ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಬರುದಿಲ್ಲಂತೆ.”

ನನ್ನ ಮುಖವೇ ನನಗೆ ‘ಬರುವುದಿಲ್ಲ’ ಅಂದ ಹಾಗಾಯಿತು. ನಾನು ಜಗಳಕ್ಕೆ ನಿಂತವಳ ಹಾಗೆ ಕೇಳಿದೆ, “ಯಾಕಂತೆ?”

ಅತ್ತೆ ಮತ್ತೆ ಬಗ್ಗಿದರು. ಈ ಸಲ ತುಂಬ ಹೊತ್ತು ಕೇಳಿಸಿಕೊಂಡರು. ಎದ್ದು ಬಂದು ನನ್ನ ಪಕ್ಕ ಮಂಚದ ಮೇಲೆ ಕೂತು, ಹೇಳಲೋ ಬೇಡವೋ ಅನ್ನುವಂತೆ ನನ್ನ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡರು.

“ಬೇಜಾರು ಮಾಡ್ಬೇಡ ಮಗಾ” ಅಂದರು. “ಅಲ್ಲಿ ನೀನು ದಿನಾ ಅವಳನ್ನು ನೋಡ್ತಿದ್ದಿಯಂತೆ. ಒಂದು ದಿನವೂ ಮಾತಾಡ್ಸಿದ್ದಿಲ್ಲಂತೆ.”

ನಾನು ತಲೆ ಎತ್ತಿ ಅವಳನ್ನು ನೋಡಿದೆ. ಅಕ್ಕಾ ಅನ್ನಬೇಕು ಅಂತ ಬಾಯಿ ತೆರೆದೆ. ಸ್ವರ ಹೊರಡಲಿಲ್ಲ.